ಹೆಲ್ ಕ್ರೀಕ್‌ನ ಕೊನೆಯ ಮೂರು ಮೀಟರ್: ಸಿಗದ ಪ್ರಭೇದಗಳನ್ನು ಲೆಕ್ಕಕ್ಕೆ ತರುವ ಒಂದು ಪ್ರಕರಣ

ಅಮೆರಿಕದ ಮೊಂಟಾನಾ ರಾಜ್ಯದ ಈಶಾನ್ಯ ಭಾಗದಲ್ಲಿ ಮಳೆ ಕೊರೆದ ಬೋಳುಗುಡ್ಡಗಳ ಸಾಲಿದೆ. ಬೂದು ಬಣ್ಣದ ಜೇಡಿಗಲ್ಲು, ನಡುನಡುವೆ ಮರಳುಗಲ್ಲು. ಇದು ಹೆಲ್ ಕ್ರೀಕ್ ಶಿಲಾಸ್ತರ. ಇಲ್ಲಿ ಅದರ ದಪ್ಪ ಸುಮಾರು 90 ಮೀಟರ್. ಬಾರ್ನಮ್ ಬ್ರೌನ್ 1902ರಲ್ಲಿ ಅಗೆದು ತೆಗೆದ ಅಸ್ಥಿಪಂಜರಕ್ಕೇ ಮುಂದೆ ಟಿರನೊಸಾರಸ್ ರೆಕ್ಸ್ ಎಂಬ ಹೆಸರು ಬಂದದ್ದು. ಹೊಳೆಗಳೂ ಅವುಗಳ ನೆರೆಬಯಲುಗಳೂ ಹೆಚ್ಚುಕಡಿಮೆ 20 ಲಕ್ಷ ವರ್ಷ ಹರವಿದ ಹೂಳು ಇದು. ಮೇಲ್ತುದಿಗೆ ಬಂದರೆ ಕಲ್ಲಿದ್ದಲಿನ ಪದರ ಎದುರಾಗುತ್ತದೆ. ಅದರ ಬುಡದ ಹತ್ತಿರ ಇರಿಡಿಯಂ ಎಂಬ ಅಪರೂಪದ ಲೋಹ ಇದೆ, 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಿದ್ದದ್ದರ ಗುರುತು.

ಆ ಗುರುತಿನ ಕೆಳಗಿನ ಸುಮಾರು 3 ಮೀಟರ್‌ಗಳಲ್ಲಿ ಡೈನೋಸಾರ್ ಎಲುಬುಗಳು ತೀರ ವಿರಳ. ಇದನ್ನು ಎರಡು ರೀತಿಯಲ್ಲಿ ಓದಬಹುದು. ಕ್ಷುದ್ರಗ್ರಹ ಬೀಳುವ ಮೊದಲೇ ಡೈನೋಸಾರ್‌ಗಳು ಕ್ಷೀಣಿಸಿದ್ದವು ಎನ್ನುವುದು ಒಂದು ಓದು. ಪ್ರಾಣಿಗಳು ಇದ್ದವು, ಎಲುಬು ಮಾತ್ರ ನಮಗೆ ದಕ್ಕಿಲ್ಲ ಎನ್ನುವುದು ಇನ್ನೊಂದು. 1986ರಲ್ಲಿ ರಾಬರ್ಟ್ ಸ್ಲೋನ್ ಮತ್ತು ಸಂಗಡಿಗರು ಮೊದಲನೆಯದನ್ನು ಮಂಡಿಸಿದರು: ಅಳಿವು ಆ ಗುರುತಿನ ಕಾಲಕ್ಕಿಂತ 70 ಲಕ್ಷ ವರ್ಷ ಮೊದಲೇ ಶುರುವಾಗಿತ್ತು, ಕೊನೆಯ 3 ಲಕ್ಷ ವರ್ಷಗಳಲ್ಲಿ ಬಿರುಸಾಯಿತು. 1991ರಲ್ಲಿ ಪೀಟರ್ ಶೀಹನ್ ಮತ್ತು ಸಂಗಡಿಗರು ಅದೇ ಶಿಲಾಸ್ತರದಿಂದ ತದ್ವಿರುದ್ಧ ಉತ್ತರ ತಂದರು: ನಿಧಾನದ ಇಳಿಕೆಗೆ ಸಾಕ್ಷ್ಯವಿಲ್ಲ. ಕಲ್ಲು ಒಂದೇ, ತೀರ್ಪು ಎರಡು. ವ್ಯತ್ಯಾಸ ಹುಟ್ಟಿದ್ದು ಎಣಿಕೆಯ ಕ್ರಮದಲ್ಲಿ. ಹಾಗಾಗಿಯೇ ಅಪೂರ್ಣ ದಾಖಲೆಯಿಂದ ವೈವಿಧ್ಯ ಅಂದಾಜು ಮಾಡುವುದನ್ನು ಕಲಿಯಲು ಇಷ್ಟು ಒಳ್ಳೆಯ ಪ್ರಕರಣ ಇನ್ನೊಂದು ಸಿಗುವುದು ಕಷ್ಟ.

ಎಣಿಸುವುದು ಏನನ್ನು

ಮ್ಯೂಸಿಯಂ ಪಟ್ಟಿಗಳನ್ನು ಕೂಡಿಸಿ ಪ್ರಭೇದ ಎಣಿಸುವುದು ಅತಿ ಸುಲಭದ ದಾರಿ, ಅತಿ ಅಪಾಯದ್ದೂ ಹೌದು. ಮ್ಯೂಸಿಯಂಗೆ ಬರುವುದು ಚೆಂದದ ತಲೆಬುರುಡೆ, ಪೂರ್ತಿ ಅಸ್ಥಿಪಂಜರ, ಅಪರೂಪದ ಪ್ರಾಣಿ. ನೂರನೇ ಟ್ರೈಸೆರಟಾಪ್ಸ್ ಕೊಂಬಿನ ಚೂರನ್ನು ಯಾರೂ ಹೊತ್ತು ತರುವುದಿಲ್ಲ. ಆದರೆ ಅಂದಾಜಿನ ಸೂತ್ರಗಳೆಲ್ಲ ನಿಂತಿರುವುದು ಆ ನೂರನೇ ಚೂರಿನ ಮೇಲೆ. ಸಾಮಾನ್ಯ ಪ್ರಾಣಿಗಳು ಎಷ್ಟು ಸಲ ಮರಳಿ ಸಿಕ್ಕವು, ಅಪರೂಪದವು ಎಷ್ಟು ಸಲ ಒಂಟಿಯಾಗಿ ಸಿಕ್ಕವು ಎಂಬ ಅನುಪಾತವೇ ಸಿಗದವುಗಳ ಬಗ್ಗೆ ಹೇಳುವ ಏಕೈಕ ಸಾಕ್ಷಿ.

ಶೀಹನ್ ತಂಡ ಇದಕ್ಕಾಗಿ ಮ್ಯೂಸಿಯಂ ಪಟ್ಟಿ ಬಿಟ್ಟು ಗುಡ್ಡಕ್ಕೇ ಹೋಯಿತು. ತರಬೇತಿ ಪಡೆದ ಸ್ವಯಂಸೇವಕರು ಮೂರು ವರ್ಷಗಳಲ್ಲಿ ಸುಮಾರು 15,000 ಗಂಟೆ ಮೊಂಟಾನಾ ಮತ್ತು ನಾರ್ತ್ ಡಕೋಟಾದ ಗುಡ್ಡಗಳನ್ನು ಜಾಲಾಡಿ, ಕಂಡದ್ದನ್ನು ದಾಖಲಿಸಿದರು. ಎರಡು ನಿರ್ಧಾರಗಳು ಮುಖ್ಯ. ಮೊದಲನೆಯದು, ಇಡೀ ಶಿಲಾಸ್ತರವನ್ನು ಕೆಳ, ನಡು, ಮೇಲು ಎಂದು ಮೂರೇ ಭಾಗ ಮಾಡಿದ್ದು. ಹೊಳೆಯ ಹೂಳಿನಲ್ಲಿ ಒಂದು ಗುಡ್ಡದ 40ನೇ ಮೀಟರ್ ಪಕ್ಕದ ಗುಡ್ಡದ 40ನೇ ಮೀಟರ್‌ನ ವಯಸ್ಸಿನದೇ ಆಗಿರಬೇಕಿಲ್ಲ. ಹೆಚ್ಚು ಸಣ್ಣ ಭಾಗ ಮಾಡಿದಷ್ಟೂ ಸುಳ್ಳು ನಿಖರತೆ ಹೆಚ್ಚುತ್ತದೆ. ಎರಡನೆಯದು, ಒಂದೇ ಬಗೆಯ ನೆಲೆಯನ್ನು ಅದೇ ಬಗೆಯ ನೆಲೆಯೊಂದಿಗೆ ಮಾತ್ರ ಹೋಲಿಸಿದ್ದು. ಹೊಳೆಯ ಪಾತ್ರದ ಮರಳಿನಲ್ಲಿ ದೊಡ್ಡ ಗಟ್ಟಿ ಎಲುಬು ಉಳಿಯುತ್ತದೆ, ನೆರೆಬಯಲಿನ ಜೇಡಿಯಲ್ಲಿ ಉಳಿಯುವುದೇ ಬೇರೆ. ಕೆಳಭಾಗದ ಮರಳನ್ನು ಮೇಲ್ಭಾಗದ ಜೇಡಿಯ ಎದುರು ಇಟ್ಟರೆ ಹೊಳೆಯ ಚರಿತ್ರೆಯನ್ನೇ ಪ್ರಾಣಿಗಳ ಚರಿತ್ರೆ ಎಂದು ಓದಿದಂತೆ. ಇದಕ್ಕೆ ತೆತ್ತ ಬೆಲೆಯೂ ಇದೆ: ಚೂರುಗಳಿಂದ ಪ್ರಭೇದ ಗುರುತಿಸಲಾಗದ ಕಾರಣ ಅವರು ಕುಟುಂಬದ ಮಟ್ಟದಲ್ಲಿ ನಿಂತರು. ಒಂದು ಕುಟುಂಬದ ನಾಲ್ಕು ಪ್ರಭೇದಗಳಲ್ಲಿ ಮೂರು ಅಳಿದರೂ ಆ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ.

ಎಲುಬಿನಿಂದ ಪ್ರಾಣಿಗೆ ಬರುವ ಹೆಜ್ಜೆಯಲ್ಲೂ ಎಡವುವುದು ಸುಲಭ. ಒಂದೇ ಕಡೆ ಎರಡು ಎಡತೊಡೆಯ ಮೂಳೆ ಸಿಕ್ಕರೆ ಕನಿಷ್ಠ ಎರಡು ಪ್ರಾಣಿ. ಒಂದು ಎಡ, ಒಂದು ಬಲ ಸಿಕ್ಕರೆ ಕನಿಷ್ಠ ಒಂದೇ. ಹಲ್ಲುಗಳದ್ದು ಇನ್ನೂ ಕಷ್ಟ: ಡೈನೋಸಾರ್‌ಗಳು ಬದುಕಿನುದ್ದಕ್ಕೂ ಹಲ್ಲು ಉದುರಿಸುತ್ತಿದ್ದವು, ಒಂದೇ ಪ್ರಾಣಿ ನೂರಾರು ಹಲ್ಲು ಬಿಟ್ಟು ಹೋಗಿರಬಹುದು. ಜರಡಿ ಹಿಡಿದು ತೆಗೆದ ಹಲ್ಲಿನ ಎಣಿಕೆಯನ್ನೂ ಅಸ್ಥಿಪಂಜರದ ಎಣಿಕೆಯನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಬಾರದು.

ಜಾನ್ ಹಾರ್ನರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಹೆಲ್ ಕ್ರೀಕ್ ಗಣತಿಯಲ್ಲಿ ಟ್ರೈಸೆರಟಾಪ್ಸ್ ಶೇ. 40, ಟಿರನೊಸಾರಸ್ ಶೇ. 24, ಎಡ್ಮಾಂಟೊಸಾರಸ್ ಶೇ. 20. ಮೂರೇ ಕುಲಗಳು ಶೇ. 84 ನುಂಗಿವೆ. ಪ್ಯಾಕಿಸೆಫಲೊಸಾರಸ್, ಆಂಕೈಲೊಸಾರಸ್‌ನಂಥವು ಶೇ. 1ರ ಆಸುಪಾಸಿನಲ್ಲಿವೆ. ನೂರಕ್ಕೆ ಒಂದರಂತೆ ಸಿಗುವ ಪ್ರಾಣಿ 30 ಮಾದರಿಗಳ ಸಂಗ್ರಹದಲ್ಲಿ ಒಮ್ಮೆಯೂ ಕಾಣದಿರುವ ಸಂಭವ ಶೇ. 74. ಮಾದರಿ 100 ಆದರೆ ಶೇ. 37. ಅದು ಶೇ. 5ಕ್ಕೆ ಇಳಿಯಬೇಕಾದರೆ 300 ಮಾದರಿ ಬೇಕು. ಮೇಲಿನ ಪದರದಲ್ಲಿ 30 ಪ್ರಾಣಿ ಮಾತ್ರ ಸಿಕ್ಕು, ಅವುಗಳಲ್ಲಿ ಆಂಕೈಲೊಸಾರಸ್ ಇಲ್ಲ ಎಂದರೆ ಅದು ಸುದ್ದಿಯೇ ಅಲ್ಲ.

ಒಂದು ಲೆಕ್ಕ, ಬಿಡಿಸಿ

ವಿಧಾನ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಎರಡು ಕಾಲ್ಪನಿಕ ಸಂಗ್ರಹಗಳನ್ನು ಇಟ್ಟುಕೊಳ್ಳೋಣ. ಸಂಖ್ಯೆಗಳು ಹೆಲ್ ಕ್ರೀಕ್‌ನವಲ್ಲ, ಹಂಚಿಕೆಯ ಚಹರೆ ಮಾತ್ರ ಅದರಂತಿದೆ.

ಕೆಳಭಾಗದಲ್ಲಿ 120 ಪ್ರಾಣಿಗಳು, 14 ಪ್ರಭೇದ: 45, 25, 18, 9, 6, 4, 3, 2, 2, 2, 1, 1, 1, 1. ಮೇಲ್ಭಾಗದಲ್ಲಿ 40 ಪ್ರಾಣಿಗಳು, 9 ಪ್ರಭೇದ: 15, 10, 7, 2, 2, 1, 1, 1, 1. ಬರಿಗಣ್ಣಿಗೆ 14ರಿಂದ 9ಕ್ಕೆ ಕುಸಿತ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಮೊದಲು ರೇರಿಫ್ಯಾಕ್ಷನ್ ಮಾಡೋಣ. ಕೆಳಭಾಗದಲ್ಲೂ 40 ಪ್ರಾಣಿಗಳನ್ನಷ್ಟೇ ಹೆಕ್ಕಿದ್ದರೆ ಎಷ್ಟು ಪ್ರಭೇದ ಕಾಣುತ್ತಿದ್ದವು ಎಂಬುದು ಪ್ರಶ್ನೆ. ಒಂದೇ ಸಲ ಸಿಕ್ಕ ಪ್ರಭೇದ ಉಳಿಯುವ ಸಂಭವ 120ರಲ್ಲಿ 40, ಅಂದರೆ 0.33. ಎರಡು ಸಲ ಸಿಕ್ಕದ್ದಕ್ಕೆ 0.56, ಮೂರಕ್ಕೆ 0.71, ನಾಲ್ಕಕ್ಕೆ 0.81, ಆರಕ್ಕೆ 0.92, ಒಂಬತ್ತಕ್ಕೆ 0.98. ದೊಡ್ಡ ಮೂರು ಪ್ರಭೇದಗಳು ಬರುವುದು ಬಹುತೇಕ ಖಚಿತ, ಅವಕ್ಕೆ 3. ಎಲ್ಲ ಕೂಡಿಸಿದರೆ 9.4. ಮೇಲ್ಭಾಗದಲ್ಲಿ ಕಂಡದ್ದು 9. ಕುಸಿತ ಕರಗಿಹೋಯಿತು! 14 ಮತ್ತು 9ರ ನಡುವಿನ ಐದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹುಡುಕಾಟದ ಪ್ರಮಾಣದಿಂದ ಬಂದದ್ದು.

ಸಮ ಸಂಖ್ಯೆಗೆ ಇಳಿಸುವ ಈ ಕ್ರಮದಲ್ಲಿ ಒಂದು ದೋಷವಿದೆ. ವೈವಿಧ್ಯ ನಿಜಕ್ಕೂ ಹೆಚ್ಚಿರುವ ಕಡೆ 40 ಮಾದರಿ ಆ ಸಮುದಾಯದ ಸಣ್ಣ ಪಾಲನ್ನಷ್ಟೇ ಹಿಡಿಯುತ್ತದೆ, ಬಡ ಸಮುದಾಯದಲ್ಲಿ ಬಹುಪಾಲನ್ನು ಹಿಡಿಯುತ್ತದೆ. ಹೀಗಾಗಿ ನಿಜವಾದ ವ್ಯತ್ಯಾಸವೂ ಕುಗ್ಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಸಂಖ್ಯೆಯ ಬದಲು ಕವರೇಜ್, ಅಂದರೆ ಇಡೀ ಸಮುದಾಯದ ಪ್ರಾಣಿಗಳಲ್ಲಿ ಈಗಾಗಲೇ ಕಂಡ ಪ್ರಭೇದಗಳಿಗೆ ಸೇರಿದವುಗಳ ಪಾಲು, ಸಮ ಮಾಡುತ್ತಾರೆ. ಜಾನ್ ಆಲ್ರಾಯ್ 2010ರಲ್ಲಿ ಪಳೆಯುಳಿಕೆಗಳಿಗೆ ಒಗ್ಗಿಸಿದ್ದು ಈ ದಾರಿಯನ್ನು. ಆನ್ ಚಾವ್ ಮತ್ತು ಲೂ ಜೋಸ್ಟ್ 2012ರಲ್ಲಿ ಅದಕ್ಕೆ ಸೂತ್ರರೂಪ ಕೊಟ್ಟರು. ಬುನಾದಿ ಹಳೆಯದು: ಅಲನ್ ಟ್ಯೂರಿಂಗ್ ಅವರ ಯೋಚನೆಯನ್ನು ಬೆಳೆಸಿ ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದ ಅಂದಾಜು. ಒಂಟಿ (ಒಂದೇ ಸಲ ಸಿಕ್ಕ) ಪ್ರಭೇದಗಳ ಸಂಖ್ಯೆಯನ್ನು ಒಟ್ಟು ಮಾದರಿಗಳಿಂದ ಭಾಗಿಸಿ 1ರಿಂದ ಕಳೆಯಿರಿ. ಕೆಳಭಾಗಕ್ಕೆ 1 − 4/120 = 0.97, ಮೇಲ್ಭಾಗಕ್ಕೆ 1 − 4/40 = 0.90. ಅಂದರೆ ಮೇಲ್ಭಾಗದಲ್ಲಿ ಮುಂದೆ ಸಿಗುವ ಹತ್ತು ಪ್ರಾಣಿಗಳಲ್ಲಿ ಒಂದು ಹೊಸ ಪ್ರಭೇದದ್ದಾಗಿರುವ ನಿರೀಕ್ಷೆ ಇದೆ. ಕೆಳಭಾಗವನ್ನು 40ಕ್ಕೆ ಇಳಿಸಿದಾಗ ಅದರ ಕವರೇಜ್ ಕೂಡ 0.90ಕ್ಕೇ ಬರುತ್ತದೆ. ಆದ್ದರಿಂದ ಈ ಉದಾಹರಣೆಯಲ್ಲಿ ಎರಡೂ ವಿಧಾನಗಳ ತೀರ್ಪು ಒಂದೇ. ನಿಜವಾದ ದತ್ತಾಂಶದಲ್ಲಿ ಅವು ಬೇರೆಯಾದರೆ ಕವರೇಜ್‌ನದ್ದನ್ನು ನಂಬುವುದು ಮೇಲು.

ಇಲ್ಲಿಗೆ ನಿಲ್ಲಿಸದೆ "ಹಾಗಾದರೆ ಒಟ್ಟು ಎಷ್ಟಿದ್ದವು?" ಎಂದು ಕೇಳುವವರು ಚಾವ್ ಅವರ 1984ರ ಸೂತ್ರಕ್ಕೆ ಹೋಗುತ್ತಾರೆ: ಕಂಡ ಪ್ರಭೇದಗಳಿಗೆ, ಒಂಟಿಗಳ ಸಂಖ್ಯೆಯ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದು) ಜೋಡಿಗಳ, ಅಂದರೆ ಎರಡು ಸಲ ಸಿಕ್ಕ ಪ್ರಭೇದಗಳ, ದುಪ್ಪಟ್ಟಿನಿಂದ ಭಾಗಿಸಿ ಕೂಡಿಸುವುದು. ಕೆಳಭಾಗಕ್ಕೆ 14 + 16/6 = 16.7, ಮೇಲ್ಭಾಗಕ್ಕೆ 9 + 16/4 = 13. ಇದು ಕನಿಷ್ಠ ಮಿತಿ, ಒಟ್ಟು ಸಂಖ್ಯೆ ಅಲ್ಲ. ಎಷ್ಟೋ ಲೇಖನಗಳು ಈ ಒಂದು ಮಾತನ್ನು ಮರೆತು 13 ಎಂದರೆ 13 ಎಂದು ಬರೆದುಬಿಡುತ್ತವೆ.

ಸೂತ್ರ ಎಷ್ಟು ನಾಜೂಕು ಎಂಬುದನ್ನು ಒಂದು ಎಲುಬಿನ ಮೇಲೆ ನೋಡಿ. ಮೇಲ್ಭಾಗದಲ್ಲಿ "2" ಎಂದು ಬರೆದ ಒಂದು ಪ್ರಭೇದದ ಎರಡು ಎಲುಬುಗಳು ಒಂದೇ ಪ್ರಾಣಿಯವು ಎಂದು ಆಮೇಲೆ ತಿಳಿಯಿತು ಎನ್ನಿ. ಒಂಟಿಗಳು 5, ಜೋಡಿ 1. ಅಂದಾಜು 9 + 25/2 = 21.5. ಅದರ ಬದಲು, ಒಂಟಿಯೊಂದು ಸಾಮಾನ್ಯ ಪ್ರಭೇದದ ಮರಿ ಎಂದು ತಿಳಿಯಿತು ಎನ್ನಿ. ಪ್ರಭೇದ 8, ಒಂಟಿಗಳು 3, ಅಂದಾಜು 8 + 9/4 = 10.25. ಒಂದು ಎಲುಬಿನ ಬಗ್ಗೆ ಮಾಡಿದ ತೀರ್ಮಾನ ಉತ್ತರವನ್ನು 10ರಿಂದ 21ರವರೆಗೆ ತೂಗಾಡಿಸುತ್ತದೆ. ಸಣ್ಣ ಮಾದರಿಗೆ ತಿದ್ದಿದ ರೂಪವೊಂದಿದೆ: ಒಂಟಿಗಳನ್ನು ಒಂದು ಕಡಿಮೆ ಒಂಟಿಗಳಿಂದ ಗುಣಿಸಿ, ಒಂದು ಹೆಚ್ಚು ಜೋಡಿಗಳ ದುಪ್ಪಟ್ಟಿನಿಂದ ಭಾಗಿಸುವುದು. ಅದರಲ್ಲಿ ಮೂಲ ಅಂದಾಜು 11, ತೂಗಾಟ 9ರಿಂದ 14. ಮಾದರಿ ನೂರರ ಒಳಗಿದ್ದರೆ ತಿದ್ದಿದ ರೂಪವನ್ನೇ ಬಳಸಬೇಕು, ವಿಶ್ವಾಸಾಂತರ (ನಿಜವಾದ ಸಂಖ್ಯೆ ಇರಬಹುದಾದ ಕೆಳ-ಮೇಲಿನ ಮಿತಿ) ಕೊಡದೆ ಪ್ರಕಟಿಸಲೇಬಾರದು.

ಹೆಸರು ಬದಲಾದರೆ ಎಣಿಕೆಯೂ ಬದಲು

ಮರಿಯೊಂದನ್ನು ಬೇರೆ ಪ್ರಭೇದ ಎಂದು ಎಣಿಸುವುದು ಕಾಗದದ ಮೇಲಿನ ಭಯವಲ್ಲ. ಹಾರ್ನರ್ ಮತ್ತು ಮಾರ್ಕ್ ಗುಡ್ವಿನ್ 2009ರಲ್ಲಿ ಸ್ಟಿಗಿಮೊಲಾಕ್, ಡ್ರಾಕೊರೆಕ್ಸ್ ಎರಡೂ ಪ್ಯಾಕಿಸೆಫಲೊಸಾರಸ್‌ನ ಎಳೆಯ ಹಂತಗಳು ಎಂದು ವಾದಿಸಿದರು. ಅದನ್ನು ಒಪ್ಪಿದರೆ ಮೂರು ಕುಲ ಒಂದಾಗುತ್ತದೆ. ಟೊರೊಸಾರಸ್ ಎಂಬುದು ಮುಪ್ಪಿನ ಟ್ರೈಸೆರಟಾಪ್ಸ್ ಎಂಬ 2010ರ ವಾದಕ್ಕೆ ಬಲವಾದ ವಿರೋಧ ಬಂತು. ನ್ಯಾನೊಟಿರನಸ್‌ನದ್ದು ಉಲ್ಟಾ ಹಾದಿ: ಬಹುಕಾಲ ಟಿರನೊಸಾರಸ್‌ನ ಮರಿ ಎಂದು ಬಹುಮಂದಿ ಭಾವಿಸಿದ್ದ ಪ್ರಾಣಿ ಬೇರೆ ಕುಲವೇ ಎಂದು 2025ರ ಹೊಸ ಅಧ್ಯಯನ ವಾದಿಸಿತು. ಒಂದೂ ಹೊಸ ಎಲುಬು ಅಗೆಯದೆ ಹೆಲ್ ಕ್ರೀಕ್‌ನ ಪಟ್ಟಿ ಹೀಗೆ ಉದ್ದವಾಗುತ್ತಲೂ ಗಿಡ್ಡವಾಗುತ್ತಲೂ ಇರುತ್ತದೆ. ಅಪರೂಪದ ಹೆಸರುಗಳೇ ಹೆಚ್ಚಾಗಿ ವಿವಾದದಲ್ಲಿರುವುದರಿಂದ ಪೆಟ್ಟು ಬೀಳುವುದು ನೇರವಾಗಿ ಒಂಟಿಗಳ ಸಂಖ್ಯೆಗೆ. ಪಟ್ಟಿಯನ್ನು ಎರಡು ಸಲ ಲೆಕ್ಕ ಮಾಡುವುದೇ ಇದಕ್ಕೆ ದಾರಿ. ವಿವಾದದ ಹೆಸರುಗಳನ್ನೆಲ್ಲ ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ. ಎರಡರಲ್ಲೂ ಉಳಿಯುವ ತೀರ್ಮಾನವನ್ನಷ್ಟೇ ಮುಂದಿಡಬೇಕು.

ಇನ್ನೊಂದು ತೊಡಕು ಕಾಲದ್ದು. ಟ್ರೈಸೆರಟಾಪ್ಸ್ ಹೊರಿಡಸ್ ಕೆಳಗಿನ ಪದರಗಳಲ್ಲಿ, ಟ್ರೈಸೆರಟಾಪ್ಸ್ ಪ್ರೊರ್ಸಸ್ ಮೇಲಿನ ಪದರಗಳಲ್ಲಿ ಸಿಗುತ್ತವೆ. ಮೊದಲನೆಯದೇ ಬದಲಾಗುತ್ತ ಎರಡನೆಯದಾಯಿತು ಎಂಬ ಸೂಚನೆಯನ್ನು 2014ರಲ್ಲಿ ಜಾನ್ ಸ್ಕಾನೆಲ್ಲಾ ಮತ್ತು ಸಂಗಡಿಗರು ತೋರಿಸಿದರು. ಇಡೀ ಶಿಲಾಸ್ತರಕ್ಕೆ ಒಂದೇ ಪಟ್ಟಿ ಮಾಡಿದರೆ ಪ್ರಭೇದ ಎರಡು. ಯಾವ ಒಂದು ಕಾಲದಲ್ಲಿ ನಿಂತು ನೋಡಿದರೂ ಬಹುಪಾಲು ಒಂದೇ. ಕಾಲದ ಚೀಲ ದೊಡ್ಡದಾದಷ್ಟೂ ಒಟ್ಟಿಗೆ ಬದುಕದವು ಒಟ್ಟಿಗೆ ಎಣಿಕೆಯಾಗುತ್ತವೆ. ಒಂದು ಕೋಟಿ ವರ್ಷದ ಚೀಲವನ್ನು 20 ಲಕ್ಷ ವರ್ಷದ ಚೀಲದ ಪಕ್ಕ ಇಟ್ಟು "ವೈವಿಧ್ಯ ಇಳಿಯಿತು" ಎನ್ನುವ ತಪ್ಪು ಹುಟ್ಟುವುದು ಇಲ್ಲಿಂದಲೇ.

ಆ ಮೂರು ಮೀಟರ್

ಫಿಲಿಪ್ ಸಿಗ್ನರ್ ಮತ್ತು ಜೆರ್ ಲಿಪ್ಸ್ 1982ರಲ್ಲಿ ಹೇಳಿದ್ದು ಸರಳ: ಒಂದು ಪ್ರಾಣಿಯ ಕೊನೆಯ ಪಳೆಯುಳಿಕೆ ಅದರ ಕೊನೆಯ ಜೀವಿಯದ್ದಾಗಿರುವುದು ಅಸಂಭವ. ವಿರಳವಾದ ಪ್ರಾಣಿಯ ಕೊನೆಯ ಎಲುಬು ಇನ್ನೂ ಕೆಳಗೇ ನಿಂತುಬಿಡುತ್ತದೆ. ಹತ್ತು ಪ್ರಭೇದಗಳು ಒಂದೇ ದಿನ ಸತ್ತರೂ ಕಲ್ಲಿನಲ್ಲಿ ಒಂದೊಂದಾಗಿ ಮಾಯವಾದಂತೆ ಕಾಣುತ್ತದೆ.

ಇದನ್ನು ಅಳೆಯಲು ಡೇವಿಡ್ ಸ್ಟ್ರಾಸ್ ಮತ್ತು ಪೀಟರ್ ಸ್ಯಾಡ್ಲರ್ 1989ರಲ್ಲಿ ಕೊಟ್ಟ ಅಳತೆ ಇದೆ. ಪ್ರಾಣಿ ಸಿಕ್ಕ ಬೇರೆಬೇರೆ ಮಟ್ಟಗಳನ್ನು ಎಣಿಸಿ ಒಂದು ಕಳೆಯಿರಿ. 20ಕ್ಕೆ ಅಷ್ಟನೇ ಮೂಲ ತೆಗೆಯಿರಿ (ಶೇ. 95 ವಿಶ್ವಾಸಕ್ಕೆ), 1 ಕಳೆಯಿರಿ, ಮೊದಲ ಮಟ್ಟದಿಂದ ಕೊನೆಯ ಮಟ್ಟದವರೆಗಿನ ಅಂತರದಿಂದ ಗುಣಿಸಿ. ಅಂತರ 60 ಮೀಟರ್ ಎನ್ನೋಣ. 5 ಮಟ್ಟಗಳಲ್ಲಿ ಸಿಕ್ಕಿದ್ದರೆ ಕೊನೆಯ ಎಲುಬಿನಿಂದ ಮೇಲಕ್ಕೆ 67 ಮೀಟರ್‌ವರೆಗೂ ಆ ಪ್ರಾಣಿ ಬದುಕಿದ್ದಿರಬಹುದು. 10 ಮಟ್ಟಗಳಿದ್ದರೆ 24 ಮೀಟರ್, 30 ಮಟ್ಟಗಳಿದ್ದರೆ 6.5 ಮೀಟರ್. ಈಗ ಪ್ರಶ್ನೆಯನ್ನು ತಿರುಗಿಸಿ: 3 ಮೀಟರ್ ಖಾಲಿ ಜಾಗ ನಿಜಕ್ಕೂ ಅರ್ಥಪೂರ್ಣ ಎನ್ನಲು ಎಷ್ಟು ಮಟ್ಟ ಬೇಕು? 63. ಟ್ರೈಸೆರಟಾಪ್ಸ್ ಬಿಟ್ಟರೆ ಬಹುತೇಕ ಪ್ರಾಣಿಗಳ ವಿಷಯದಲ್ಲಿ ಅಷ್ಟು ಮಟ್ಟಗಳ ಮಾತೇ ಇಲ್ಲ. ಜೊತೆಗೆ ಈ ಅಳತೆ, ಎಲುಬು ಸಿಗುವ ಅವಕಾಶ ಇಡೀ ದಪ್ಪದಲ್ಲಿ ಒಂದೇ ಸಮ ಎಂದು ನಂಬುತ್ತದೆ. ಹೆಲ್ ಕ್ರೀಕ್‌ನ ತುದಿಯಲ್ಲಿ ಅದು ನಿಜವಾಗಿರಬೇಕಿಲ್ಲ. ಮೇಲಿನ ಜೌಗು ನೆಲದ ಆಮ್ಲದ ನೀರು ಎಲುಬಿನ ಸುಣ್ಣವನ್ನು ಕರಗಿಸಿರಬಹುದು ಎಂಬ ವಿವರಣೆ ಹಿಂದಿನಿಂದಲೂ ಇದೆ. ಹಾಗಾಗಿ ಮೇಲಿನ ಸಂಖ್ಯೆಗಳನ್ನು ಕನಿಷ್ಠ ಎಂದೇ ತಿಳಿಯಬೇಕು.

2011ರಲ್ಲಿ ಟೈಲರ್ ಲೈಸನ್ ಮತ್ತು ಸಂಗಡಿಗರು ಆ ಖಾಲಿ ಜಾಗದೊಳಗೇ ಒಂದು ಕೊಂಬನ್ನು ವರದಿ ಮಾಡಿದರು. ಟ್ರೈಸೆರಟಾಪ್ಸ್‌ನ ಕುಟುಂಬದ ಪ್ರಾಣಿಯ ಹುಬ್ಬಿನ ಕೊಂಬು, ಡೈನೋಸಾರ್‌ಗಳ ಕಾಲ ಮುಗಿಯುವ ಗಡಿಯಿಂದ ಹೆಚ್ಚೆಂದರೆ 13 ಸೆಂಟಿಮೀಟರ್ ಕೆಳಗೆ. ಗಡಿಯನ್ನು ಕಣ್ಣಂದಾಜಿನಲ್ಲಿ ಹಾಕದೆ ಪರಾಗಕಣಗಳಿಂದ ಹಾಕಿದ್ದೇ ಇಲ್ಲಿ ನಿರ್ಣಾಯಕ. ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಷಿಯಸ್‌ನ ವಿಶಿಷ್ಟ ಪರಾಗಗಳು ಎಲ್ಲಿ ನಿಲ್ಲುತ್ತವೋ ಅಲ್ಲಿ ಗೆರೆ. ಕಲ್ಲಿದ್ದಲಿನ ಪದರವನ್ನೇ ಗಡಿ ಎಂದು ಹಿಡಿದರೆ ಊರಿಂದೂರಿಗೆ ಮೀಟರ್‌ಗಟ್ಟಲೆ ತಪ್ಪಾಗುತ್ತದೆ, ಏಕೆಂದರೆ ಆ ಪದರ ಎಲ್ಲೆಡೆ ಒಂದೇ ಕಾಲದಲ್ಲಿ ಕೂತದ್ದಲ್ಲ. 90 ಮೀಟರ್‌ಗೆ 20 ಲಕ್ಷ ವರ್ಷ ಎಂಬ ಸರಾಸರಿ ಹಿಡಿದರೆ 3 ಮೀಟರ್ ಎಂದರೆ ಸುಮಾರು 67,000 ವರ್ಷ, 13 ಸೆಂಟಿಮೀಟರ್ ಎಂದರೆ ಸುಮಾರು 3,000 ವರ್ಷ. ಒಂದು ಕೊಂಬು ವೈವಿಧ್ಯದ ಲೆಕ್ಕವನ್ನು ಬದಲಿಸದು. ಆದರೆ "ಅಲ್ಲಿ ಯಾವುದೂ ಇರಲಿಲ್ಲ" ಎಂಬ ಮಾತನ್ನು ಅದೊಂದೇ ಮುರಿಯಿತು.

ವಿರುದ್ಧ ದಿಕ್ಕಿನ ಮೋಸವೂ ಇದೆ: ಪ್ರಾಣಿ ಅಳಿದ ನಂತರದ ಪದರದಲ್ಲಿ ಅದರ ಎಲುಬು ಸಿಗುವುದು. ಮೊಂಟಾನಾದ ಬಗ್ ಕ್ರೀಕ್ ಪ್ರದೇಶದಲ್ಲಿ ಗೊರಸಿನ ಸಸ್ತನಿಗಳ ಜೊತೆಗೇ ಡೈನೋಸಾರ್ ಹಲ್ಲುಗಳು ಸಿಕ್ಕಿದ್ದವು. ಸ್ಲೋನ್ ತಂಡದ 1986ರ ವಾದಕ್ಕೆ ಅದು ದೊಡ್ಡ ಆಧಾರ. ಆಮೇಲೆ ತಿಳಿದದ್ದು: ಅವು ಕ್ಷುದ್ರಗ್ರಹದ ನಂತರದ ಹೊಳೆಗಳು ಹಳೆಯ ಪದರಗಳನ್ನು ಕೊರೆದು ತುಂಬಿದ ಕಾಲುವೆಗಳು, ಹಲ್ಲುಗಳು ಹಳೆಯ ಕಲ್ಲಿನಿಂದ ಕಿತ್ತು ಬಂದವು. ಸವೆದ ಅಂಚಿನ ಬಿಡಿ ಹಲ್ಲುಗಳೇ ಇದ್ದು ಜೋಡಿಕೊಂಡ ಎಲುಬು ಒಂದೂ ಇಲ್ಲದ ನೆಲೆಯನ್ನು ವೈವಿಧ್ಯದ ಲೆಕ್ಕದಿಂದ ಹೊರಗಿಡುವುದೇ ಕ್ಷೇಮ.

ಗುಡ್ಡದಿಂದ ಖಂಡಕ್ಕೆ

ಹೆಲ್ ಕ್ರೀಕ್‌ನೊಳಗೆ ಇಳಿಕೆ ಕಾಣದಿದ್ದರೂ, ಅದಕ್ಕಿಂತ ಸುಮಾರು ಒಂದು ಕೋಟಿ ವರ್ಷ ಹಿಂದಿನ ಕೆನಡಾದ ಡೈನೋಸಾರ್ ಪಾರ್ಕ್ ಶಿಲಾಸ್ತರದ ಪಟ್ಟಿ ಹೆಚ್ಚು ಉದ್ದವಿದೆ. ಇದು ನಿಜವಾದ ಇಳಿಕೆಯೇ? 2021ರಲ್ಲಿ ಫ್ಯಾಬಿಯೆನ್ ಕೊಂಡಾಮಿನ್ ಮತ್ತು ಸಂಗಡಿಗರು ಆರು ಕುಟುಂಬಗಳ 247 ಪ್ರಭೇದಗಳನ್ನು ಲೆಕ್ಕಿಸಿ, 7.6 ಕೋಟಿ ವರ್ಷಗಳ ಹಿಂದಿನಿಂದಲೇ ಇಳಿಕೆ ಎಂದರು. 2025ರಲ್ಲಿ ಕ್ರಿಸ್ಟೋಫರ್ ಡೀನ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಸುಮಾರು 8,000 ದಾಖಲೆಗಳನ್ನು ಬೇರೆ ವಿಧಾನಕ್ಕೆ ಹಾಕಿದರು. ಪ್ರದೇಶವನ್ನು ಚೌಕಗಳಾಗಿ ಮಾಡಿ, ಒಂದು ಚೌಕದಲ್ಲಿ ಪ್ರಾಣಿ ಇದ್ದ ಸಂಭವವನ್ನೂ ಇದ್ದರೆ ನಮಗೆ ಸಿಗುವ ಸಂಭವವನ್ನೂ ಬೇರೆಬೇರೆಯಾಗಿ ಅಂದಾಜಿಸುವ ವಿಧಾನವದು. ಕೊನೆಯ 1.8 ಕೋಟಿ ವರ್ಷಗಳಲ್ಲಿ ನಾಲ್ಕು ಮುಖ್ಯ ಗುಂಪುಗಳು ನೆಲೆಸಿದ್ದ ವ್ಯಾಪ್ತಿ ಸ್ಥಿರವಾಗಿತ್ತು, ಸಿಗುವ ಸಂಭವ ಮಾತ್ರ ಇಳಿಯಿತು ಎಂಬ ಉತ್ತರ ಬಂತು. ಒಳನಾಡಿನ ಸಮುದ್ರ ಹಿಂದೆ ಸರಿದದ್ದು, ಪರ್ವತಗಳು ಏರಿದ್ದು ಹೂಳು ಕೂರುವ ಜಾಗಗಳನ್ನು ಬದಲಿಸಿತು. ಇಂದು ಅಗೆಯಲು ತೆರೆದಿರುವ ಆ ಕಾಲದ ಕಲ್ಲೂ ಕಡಿಮೆ.

ಈ ಎರಡು ಉತ್ತರಗಳನ್ನು ಒಂದೇ ತಕ್ಕಡಿಗೆ ಹಾಕಬಾರದು. ಮೊದಲನೆಯದು ಪ್ರಭೇದಗಳ ಹುಟ್ಟು-ಅಳಿವಿನ ದರ ಅಳೆಯುತ್ತದೆ, ಎರಡನೆಯದು ಗುಂಪುಗಳ ಹರಡಿಕೆಯನ್ನು. ಹರಡಿಕೆ ಹಾಗೇ ಇದ್ದು ಪ್ರಭೇದ ಕಡಿಮೆಯಾಗಿರುವುದೂ ಸಾಧ್ಯ. ಆದರೂ ಸಿಗುವ ಸಂಭವವನ್ನು ಪ್ರತ್ಯೇಕವಾಗಿ ಅಳೆದ ಲೆಕ್ಕಕ್ಕೆ ಹೆಚ್ಚು ತೂಕ ಕೊಡುವುದು ನ್ಯಾಯ, ಏಕೆಂದರೆ ಹೆಲ್ ಕ್ರೀಕ್‌ನ ಆ ಮೂರು ಮೀಟರ್‌ನಲ್ಲಿ ದಾರಿ ತಪ್ಪಿಸಿದ್ದು ಅದೇ ಸಂಭವ.

ಹೆಲ್ ಕ್ರೀಕ್‌ನ ಪಟ್ಟಿಯನ್ನು ಇಡೀ ಖಂಡದ ಪಟ್ಟಿ ಎಂದು ಓದುವುದು ಇನ್ನೊಂದು ಹಳೆಯ ಅಭ್ಯಾಸ. ನ್ಯೂ ಮೆಕ್ಸಿಕೋದ ನಾಶೊಯಿಬಿಟೊ ಪದರಗಳು ಕ್ರಿಟೇಷಿಯಸ್‌ನ ಕೊನೆಯ ಕೆಲವೇ ಲಕ್ಷ ವರ್ಷಗಳವು ಎಂದು 2025ರ ಕಾಲನಿರ್ಣಯ ತೋರಿಸಿತು. ಅಲ್ಲಿ ಅಲಾಮೊಸಾರಸ್ ಎಂಬ ಉದ್ದ ಕತ್ತಿನ ಭಾರೀ ಸಸ್ಯಾಹಾರಿ ಇದೆ. ಮೊಂಟಾನಾದ ಗುಡ್ಡಗಳಲ್ಲಿ ಎಷ್ಟು ಸಾವಿರ ಗಂಟೆ ನಡೆದರೂ, ಯಾವ ಸೂತ್ರ ಹಾಕಿದರೂ ಆ ಪ್ರಾಣಿ ಲೆಕ್ಕಕ್ಕೆ ಬರುವುದಿಲ್ಲ. ಒಂಟಿ, ಜೋಡಿಗಳ ಲೆಕ್ಕ ಊಹಿಸಬಲ್ಲದ್ದು ಅದೇ ಸಮುದಾಯದಲ್ಲಿದ್ದು ತಪ್ಪಿಸಿಕೊಂಡವುಗಳನ್ನು ಮಾತ್ರ. ದಕ್ಷಿಣದಲ್ಲಿ ಬೇರೆ ಸಮುದಾಯವೇ ಇತ್ತು ಎಂದು ತಿಳಿಯಬೇಕಾದರೆ ದಕ್ಷಿಣಕ್ಕೆ ಹೋಗಿಯೇ ಅಗೆಯಬೇಕು.